20 ವರ್ಷ ಕೊಟ್ಟಿಗೆಯಲ್ಲಿ ನಿಂತ ಫಿಯಟ್ 1100: ಮಾರುವ ಮೊದಲು ಪೇಂಟ್ ಮಾಡಿಸಬೇಕಾ?

ಮಲೆನಾಡ ಮಗಳು:
ನಮ್ಮಪ್ಪನ 1969ರ ಫಿಯಟ್ ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿದೆ. ಕೊನೆಗೆ ಓಡಿದ್ದು 2004ರಲ್ಲಿ, ನನ್ನ ಮದುವೆಗೆ. ಅಪ್ಪ ಹೋಗಿ ಎರಡು ವರ್ಷ ಆಯ್ತು. ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಸ್ಕೂಟರಿಗೇ ಜಾಗ ಇಲ್ಲ. ಹಾಗಾಗಿ ಮಾರಬೇಕು.

ಮೊನ್ನೆ ಟಾರ್ಪಾಲು ತೆಗೆದೆ. ಟಯರುಗಳು ನೆಲಕ್ಕೆ ಕೂತಿವೆ. ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಪಕ್ಕ ಇಲಿ ಗೂಡು. ಅಡಿಕೆ ಸಿಪ್ಪೆ, ಸೀಟಿನ ನಾರು, ಮಧ್ಯೆ ನನ್ನ ಮದುವೆ ಹೂವಿನ ಹಾರದ ಜರಿ ದಾರ! ಪೇಟೆಯ ಮೆಕ್ಯಾನಿಕ್ ಬಂದು ನೋಡಿದರು. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯೋಣ, ಆಮೇಲೆ 90 ಸಾವಿರಕ್ಕೆ ಫುಲ್ ಪೇಂಟ್ ಮಾಡಿಸಿದರೆ ಒಳ್ಳೆ ರೇಟು ಬರುತ್ತೆ ಅಂದರು. ಹೌದಾ? ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ನಂಬರು ಹಳೇದು, ಎಂವೈ ಅಂತ ಶುರುವಾಗುತ್ತೆ.

ಹಳೇಗಾಡಿ ಮಾವ, ಮೈಸೂರು:
ಅಮ್ಮಾ, ಮೊದಲು ಆ ಬ್ಯಾಟರಿ ತರುವವರನ್ನು ತಡೆಯಿರಿ. ಮಲೆನಾಡಿನ ಇಪ್ಪತ್ತು ಮಳೆಗಾಲ ಕಂಡ ಎಂಜಿನ್ ಅದು. ಯಾವುದೋ ಒಂದು ವಾಲ್ವ್ ತೆರೆದುಕೊಂಡೇ ನಿಂತಿರುತ್ತೆ, ಆ ಸಿಲಿಂಡರಿನೊಳಗೆ ತೇವ ಹೋಗಿ ತುಕ್ಕು ಹಿಡಿದಿರುತ್ತೆ. ಸೆಲ್ಫ್ ಹೊಡೆದರೆ ಪಿಸ್ಟನ್ನಿನ ರಿಂಗ್ ಮುರಿಯಬಹುದು.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ಒಂದೊಂದು ತೂತಿಗೂ ಎರಡು ಮೂರು ಚಮಚ ಎಂಜಿನ್ ಆಯಿಲ್ ಬಿಡಿ, ಜೊತೆಗೆ ಸ್ವಲ್ಪ ಡೀಸೆಲ್ ಬೆರೆಸಿದರೂ ಸರಿ. ತೂತಿಗೆ ಬಟ್ಟೆ ತುರುಕಿ ನಾಲ್ಕೈದು ದಿನ ಮರೆತುಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನಿನ ಮುಂದೆ ಕೆಳಗಿರುವ ಬೆಲ್ಟಿನ ಚಕ್ರದ (ಕ್ರ್ಯಾಂಕ್ ಪುಲ್ಲಿ) ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಡಿ. ಪೂರಾ ಎರಡು ಸುತ್ತು ಸಲೀಸಾಗಿ ಬಂದರೆ ಅರ್ಧ ಗೆದ್ದಂತೆ. ಹಳೆ ಆಯಿಲ್ ಇಳಿಸಿ ಹೊಸದು ಹಾಕಿಸಿ. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ನೋಡಿಸಿ. ಬ್ಯಾಟರಿ ಇದೆಲ್ಲ ಆದಮೇಲೆ.

ಟ್ಯಾಂಕಿನಲ್ಲಿರುವ ಪೆಟ್ರೋಲು ಈಗ ಪೆಟ್ರೋಲಲ್ಲ, ವಾರ್ನಿಷ್. ಮೂಗು ಇಟ್ಟರೆ ಗೊತ್ತಾಗುತ್ತೆ. ಅದನ್ನು ಪೂರಾ ಖಾಲಿ ಮಾಡಿಸಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಬೇರೆ ಕ್ಯಾನಿನಿಂದ ಪೈಪ್ ಕೊಡಿ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ್ದು. ಹಳೆ ರಬ್ಬರ್ ಪೈಪು, ಗಾಡಿಯ ಪೆಟ್ರೋಲ್ ಪಂಪಿನೊಳಗಿನ ತೆಳು ಪದರ (ಡಯಾಫ್ರಮ್) ಅದಕ್ಕೆ ತಡೆಯುವುದಿಲ್ಲ, ಬದಲಾಯಿಸಿಬಿಡಿ. ಜಾಸ್ತಿ ಖರ್ಚಿನದ್ದಲ್ಲ. ಬ್ರೇಕಿಗೆ ಮಾತ್ರ ಜಿಪುಣತನ ಬೇಡ: ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸು ಎಲ್ಲಾ ನೋಡಿಸಬೇಕು.

ಇನ್ನು ಪೇಂಟು. ಇಲ್ಲೇ ನಾನು ಪೆಟ್ಟು ತಿಂದದ್ದು. ನನ್ನ 1972ರ ಗಾಡಿಯನ್ನು ಮಾರುವ ಮುಂಚೆ ಒಂದು ಗ್ಯಾರೇಜಿನಲ್ಲಿ 65 ಸಾವಿರ ಕೊಟ್ಟು ಫಳಫಳ ಮಾಡಿಸಿದೆ. ನೋಡಲು ಬಂದವರು ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ ಒಂದು ಮ್ಯಾಗ್ನೆಟ್ ತೆಗೆದರು. ಬಾಗಿಲ ಮೇಲ್ಗಡೆ ಅಂಟಿಕೊಂಡಿತು. ಕೆಳಗಡೆ ಇಟ್ಟರೆ ಟಪ್ ಅಂತ ನನ್ನ ಚಪ್ಪಲಿ ಮೇಲೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ! ಅದು ನನಗೂ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಪೇಂಟಿನ ದುಡ್ಡೂ ಹೋಯ್ತು, ಬೆಲೆಯೂ ಇಳಿಯಿತು. ಹೊಸ ಪೇಂಟ್ ನೋಡಿದರೆ ಈ ಗಾಡಿ ಬಲ್ಲವರು ಮೊದಲು ಕೇಳುವುದು ಒಳಗೇನು ಮುಚ್ಚಿದ್ದೀರಿ ಅಂತ. ನೀವು ಧೂಳು ತೊಳೆಸಿ ಸಾಕು. ತುಕ್ಕಿದ್ದ ಕಡೆ, ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಎಲ್ಲಾ ಹತ್ತಿರದಿಂದ ಫೋಟೋ ತೆಗೆದು ನೀವೇ ತೋರಿಸಿ.

ಧಾರವಾಡದವ:
ಮಾವ ಹೇಳಿದ್ದು ಸರಿ. ಆದರೆ ಸ್ಪ್ಯಾನರಿಗಿಂತ ಮುಂಚೆ ಕಾಗದ. ಅಪ್ಪನ ಹೆಸರಿನ ಗಾಡಿಯನ್ನು ನೀವು ನೇರ ಮಾರಲು ಆಗಲ್ಲ. ಮೊದಲು ಆರ್‌ಟಿಒದಲ್ಲಿ ಫಾರಂ 31 ಹಾಕಿ ನಿಮ್ಮ ಹೆಸರಿಗೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣ ತಮ್ಮಂದಿರಿದ್ದರೆ ಅವರ ಒಪ್ಪಿಗೆ ಬೇಕು. ಮಾರುವಾಗ ಫಾರಂ 29 ಮತ್ತು 30. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೊತೆ ಹೊಂದುತ್ತಾ ಇವತ್ತೇ ನೋಡಿ.

50 ವರ್ಷ ದಾಟಿದ್ದರಿಂದ 2021ರ ವಿಂಟೇಜ್ ಗಾಡಿ ನೋಂದಣಿ ನಿಯಮಕ್ಕೂ ಬರುತ್ತೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯಲ್ಲಿ ದಿನಾ ಓಡಾಡುವಂತಿಲ್ಲ. ಅದನ್ನು ಕೊಳ್ಳುವವರಿಗೇ ಬಿಡಿ. ಎಂವೈ ನಂಬರ್ ಮಾತ್ರ ಕಳ್ಕೋಬೇಡಿ. 1973ರಲ್ಲಿ ಕರ್ನಾಟಕ ಅಂತ ಹೆಸರಾಗುವ ಮುಂಚಿನ, ಮೈಸೂರು ರಾಜ್ಯದ ಕಾಲದ್ದು ಅದು. ಸುಮ್ನೆ ಆ ಪ್ಲೇಟಿಗಾಗಿಯೇ ಗಾಡಿ ಕೊಳ್ಳುವವರನ್ನು ನೋಡಿದ್ದೇನೆ.

ರಸ್ತೆರಾಜ:
ಇಷ್ಟೆಲ್ಲ ಯಾಕೆ? ಇದ್ದ ಹಾಗೇ ಮಾರಿ ಕೈ ತೊಳ್ಕೊಳ್ಳಿ.

ಹಳೇಗಾಡಿ ಮಾವ, ಮೈಸೂರು:
ಮಾರಬಹುದು ಸ್ವಾಮಿ. ಆದರೆ ಎಂಜಿನ್ ಜಾಮ್ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಕೊಳ್ಳುವವರು ಜಾಮ್ ಆಗಿದೆ ಅಂತಲೇ ಲೆಕ್ಕ ಹಾಕ್ತಾರೆ. ಕೈಯಲ್ಲಿ ತಿರುಗುತ್ತೆ ಅಂತ ಒಂದು ವಿಡಿಯೋ ಇದ್ದರೆ ಮಾತೇ ಬೇರೆ ಅಲ್ವಾ?

ಮಲೆನಾಡ ಮಗಳು:
ಒಂಬತ್ತು ದಿನ ಆಯ್ತು. ಐದನೇ ದಿನ ತಿರುಗಲಿಲ್ಲ, ಮತ್ತೆ ಎಣ್ಣೆ ಬಿಟ್ಟೆವು. ಇವತ್ತು ಬೆಳಿಗ್ಗೆ ತಮ್ಮ ಸ್ಪ್ಯಾನರ್ ಹಿಡಿದ, ನಾನು ಫೋನ್ ಹಿಡಿದೆ. ಮೊದಲು ಕಿರ್ ಅಂತ ಒಂದು ಇಂಚು. ಆಮೇಲೆ ಇನ್ನೊಂದು. ಆಮೇಲೆ ಪೂರಾ ಸುತ್ತು! ಮೂರನೇ ತೂತಿನಿಂದ ಕೆಂಪಗಿನ ನೀರು ಚಿಮ್ಮಿ ಅವನ ಬಿಳಿ ಶರ್ಟು ಹಾಳಾಯ್ತು. ಪೇಂಟ್ ಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿದೆ, ಮುಖ ಸಪ್ಪೆ ಮಾಡಿಕೊಂಡರು. ಈಗ ಹಿಂದಿನ ಎಡಗಡೆ ಬ್ರೇಕ್ ಡ್ರಮ್ ಬಿಡ್ತಾ ಇಲ್ಲ. ಸುತ್ತಿಗೆ ಹಾಕಲಾ ಅಂತ ತಮ್ಮ ಕೇಳ್ತಿದ್ದಾನೆ.

ಹಳೇಗಾಡಿ ಮಾವ, ಮೈಸೂರು:
ಸುತ್ತಿಗೆ ಅವನ ಕೈಯಿಂದ ಇಸ್ಕೊಳ್ಳಿ. ಡ್ರಮ್ ಸೀಳಿದರೆ ಹುಡುಕಿಕೊಂಡು ಗುಜರಿ ಗುಜರಿ ಅಲೀಬೇಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ, ಒಳಗಿನ ಬ್ರೇಕ್ ಲೈನಿಂಗಿಗೆ ತಾಗಿದರೂ ಚಿಂತೆಯಿಲ್ಲ, ಅದನ್ನು ಹೇಗೂ ಹೊಸದು ಹಾಕಿಸ್ತೀರಲ್ಲ. ನಾಳೆ ಮರದ ಕೊಡತಿಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ. ಮತ್ತೆ ಆ ವಿಡಿಯೋ ಇಲ್ಲಿ ಹಾಕಿ, ನಾನೂ ನೋಡಬೇಕು.