ಮಗನಿಗೆ ಮಾವನ ಹೆಸರು ‘ಪೊನ್ನಪ್ಪ’ ಇಡೋದಾ?

ಮಂಡ್ಯದ ಸೊಸೆ:
ನಮ್ಮೂರು ಮಂಡ್ಯ, ಸೇರಿದ ಮನೆ ಕಕ್ಕಬ್ಬೆ ಹತ್ತಿರದ ಕೊಡವರದು. ಮಗ ಹುಟ್ಟಿ ಮೂರು ವಾರ. ಬಸುರಿಯಾಗಿದ್ದಾಗಲೇ ‘ವಿಹಾನ್’ ಅಂತ ಆರಿಸಿಟ್ಟಿದ್ದೆ. ಅತ್ತೆಯದು ಒಂದೇ ಮಾತು, “ಅವರ ಹೆಸರು ಇಡಿ.” ಅವರು ಅಂದರೆ ಹೋದ ವರ್ಷ ತೀರಿಕೊಂಡ ಮಾವ, ಪೊನ್ನಪ್ಪ. ಕಾಫಿ ಕಣದಲ್ಲಿ ಕೂರಿಸಿಕೊಂಡು ನನಗೆ ಕೊಡವ ತಕ್ಕ್, ಅಂದರೆ ಕೊಡವ ಭಾಷೆ ಕಲಿಸಿದವರು, ಅವರನ್ನ ಮರೆಯೋ ಮಾತೇ ಇಲ್ಲ. ಆದರೆ ತೊಟ್ಟಿಲ ಕೂಸನ್ನ ಪೊನ್ನಪ್ಪ ಅಂದ್ರೆ ಅದಕ್ಕೆ ಮೀಸೆ ಬಂದಂಗಾಯ್ತದೆ! ಹೆಸರಿನ ಅರ್ಥ ಏನು? ಜನನ ಪ್ರಮಾಣಪತ್ರದಲ್ಲಿ ಮನೆಪೆದ (ಮನೆತನದ ಹೆಸರು) ಮುಂದೆ ಬರಬೇಕಾ, ಹಿಂದೆಯಾ?

ಕೊನೆ ಬೆಂಚು, ವಿರಾಜಪೇಟೆ:
ನನ್ನ ತರಗತಿಯಲ್ಲಿ ಮೂವರು ಪೊನ್ನಪ್ಪ, ಇಬ್ಬರು ಮುತ್ತಪ್ಪ. ಮೇಷ್ಟ್ರು ಹೆಸರು ಹಿಡಿದು ಕರೆದರೆ ಮೂರು ಜನ ಎದ್ದು ನಿಲ್ತಿದ್ದರು. ಕೊನೆಗೆ ಮನೆಪೆದ ಕೂಗೋಕೆ ಶುರು ಮಾಡಿದರು. ವಿಹಾನ್ ಇಟ್ಟರೂ ಈಗ ಅದೇ ಕಥೆ ಬಿಡಿ, ಬೆಂಗಳೂರಿನ ಪ್ರತಿ ನರ್ಸರಿಯಲ್ಲೂ ನಾಲ್ಕು ಜನ ಇದ್ದಾರೆ.

ನಾಪೋಕ್ಲು ಅಜ್ಜ:
ಪೊನ್ನ್ ಅಂದರೆ ಚಿನ್ನ, ಕನ್ನಡದ ಹೊನ್ನೇ ಅದು. ನಮ್ಮ ಹಳೆಯ ಹೆಸರುಗಳನ್ನು ಒಂದು ಕಡೆ ಗುಡ್ಡೆ ಹಾಕಿದರೆ ಆಭರಣದ ಪೆಟ್ಟಿಗೆ ತೆರೆದ ಹಾಗೆ. ಪೊನ್ನಮ್ಮ, ತಂಗಮ್ಮ ಚಿನ್ನ. ಬೊಳ್ಳಮ್ಮ, ಬೆಳ್ಳಿಯಪ್ಪ ಬೆಳ್ಳಿ. ಮುತ್ತಮ್ಮ, ಮುತ್ತಣ್ಣ ಮುತ್ತು. ಪೂವಮ್ಮ, ಪೂವಯ್ಯ ಹೂವು. ದೇವರ ಹೆಸರುಗಳು ಬೇರೆ. ಕಾವೇರಮ್ಮ ನಮ್ಮ ಹೊಳೆ. ಅಯ್ಯಪ್ಪ ಅಂದಾಗ ಎಲ್ಲರೂ ಶಬರಿಮಲೆ ಅಂತಾರೆ, ನಮಗೆ ಮೊದಲು ನೆನಪಾಗೋದು ದೇವರಕಾಡಿನ ಅಯ್ಯಪ್ಪ, ಮಣ್ಣಿನ ನಾಯಿಗಳ ಹರಕೆ ಒಪ್ಪಿಸಿಕೊಳ್ಳುವವನು.

ಇನ್ನು ಮೀಸೆ ವಿಷಯ. ಅಪ್ಪ, ಅಯ್ಯ, ಅಣ್ಣ ಎಲ್ಲ ಹಿರಿಯರನ್ನು ಕರೆಯುವ ಮಾತೇ ತಾನೆ. ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ, ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲು ಕೈಗೆ ಕೊಡ್ತಿದ್ದ ಜನ ನಾವು. ಕಣ್ಣು ಬಿಡದ ಕೂಸಿಗೆ ಬಿಲ್ಲು ಕೊಡುವವರಿಗೆ ಮೀಸೆ ಹೆಚ್ಚಾಯ್ತಾ?

ನನಗಿಟ್ಟದ್ದೂ ಅಜ್ಜನ ಹೆಸರೇ. ಅಜ್ಜಿ ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ, ಅದರಿಂದ ಆಕೆ ಬಾಯಲ್ಲಿ ನನಗೆ ಹೆಸರೇ ಇರಲಿಲ್ಲ. ನಾನು ಏಲಕ್ಕಿ ಕದ್ದಾಗಲೂ ಹೆಸರೆತ್ತಿ ಬೈಯಲಾಗದೆ “ಕುಂಞಿ (ಮಗು), ಇಲ್ಲಿ ಬಾ” ಅನ್ನೋರು. ಆ ಒಂದು ಹೆಸರಿನ ದೆಸೆಯಿಂದ ಎಷ್ಟು ಪೆಟ್ಟು ತಪ್ಪಿತೋ!

ಮನೆಪೆದ ಮುಂದೆಯೇ ಬರೋದು. 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚ ಅಂದರೆ ಚೆಪ್ಪುಡಿರ ಮುತ್ತಣ್ಣ ಪೂಣಚ್ಚ. ಮೊದಲು ಒಕ್ಕ, ಅಂದರೆ ಮನೆತನ, ಆಮೇಲೆ ತಂದೆ, ಕೊನೆಗೆ ತಾನು. ಈಗಿನ ಅರ್ಜಿಗಳಲ್ಲಿ ಮನೆಪೆದ ಬಾಲಕ್ಕೆ ಹೋಗ್ತಾ ಇದೆ, ನನಗಂತೂ ಹಿಡಿಸಲ್ಲ. ಹೇಗೇ ಬರೆಸಿ, ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಕ್ರಮ ಇರಲಿ. ನನ್ನ ಮೊಮ್ಮಗಳ ಕಾಗದಪತ್ರ ಸರಿಪಡಿಸಲು ಒಂದು ಮಳೆಗಾಲ ಪೂರ್ತಿ ಅಲೆದಿದ್ದೇವೆ.

ಭಾಗಮಂಡಲ ಗೌಡ:
ಅಜ್ಜ, “ನಮ್ಮ” ಅಂತ ಎಲ್ಲ ನೀವೇ ಬಾಚಿಕೊಂಡರೆ ಹೇಗೆ? ಅರೆಭಾಷೆ ಗೌಡರ ಮನೆಗಳಲ್ಲೂ ಇಂಥ ಹೆಸರುಗಳೇ, ಮನೆ ಹೆಸರೂ ಮುಂದೆಯೇ. ವಿಧಾನಸಭಾಧ್ಯಕ್ಷರಾಗಿದ್ದ ಕೆ.ಜಿ. ಬೋಪಯ್ಯ ನಮ್ಮವರೇ, ಆ ‘ಕೆ’ ಕೊಂಬಾರನ.

ನಾಪೋಕ್ಲು ಅಜ್ಜ:
ಒಪ್ಪಿದೆ ಮಾರಾಯ. ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನೂ ಸೇರಿಸಿಕೊ.

ಮಂಡ್ಯದ ಸೊಸೆ:
ಅಜ್ಜನ ಉತ್ತರ ಓದಿದ ಮೇಲೆ ಅತ್ತೆಯ ಮಾತಿಗೆ ಕಿವಿಗೊಟ್ಟು ಕೂತೆ. ನಿಜ, ಈ ಮೂರು ವಾರದಲ್ಲಿ ಒಂದು ಸಲವೂ ಅವರ ಬಾಯಲ್ಲಿ ಪೊನ್ನಪ್ಪ ಅನ್ನೋ ಹೆಸರು ಬಂದಿಲ್ಲ. “ಅವರ ಹೆಸರು”, ಅಷ್ಟೇ. ರಾತ್ರಿ ಎರಡು ಗಂಟೆಗೆ ಕೂಸು ಅಳುತ್ತಿದ್ದಾಗ ಎತ್ತಿಕೊಂಡು ಓಡಾಡಿದ್ದು “ಕುಂಞಿ, ಕುಂಞಿ” ಅಂತಲೇ.

ಪೊನ್ನಪ್ಪ ಅಂತಲೇ ಬರೆಸ್ತಿದ್ದೀವಿ, ಮನೆಪೆದ ಮುಂದೆ. ಒಂದೇ ಸಮಸ್ಯೆ. ಮಾವನ ಹೆಸರು ಸೊಸೆ ಹೇಳಬಹುದಾ ಅಜ್ಜ? ಇಲ್ಲಾಂದ್ರೆ ಇವನನ್ನ ಬೈಯೋರು ಯಾರು?