ಆಗಸ್ಟ್ 15 ಕಳೆದ ಮೇಲೂ ಬಾವುಟ ಮನೆ ಮೇಲೆ ಇರಬಹುದಾ?

ತೀರ್ಥಹಳ್ಳಿಯವ: ನಮ್ಮ ಎದುರು ಮನೆಯವರು ಹದಿನೈದಕ್ಕೆ ಕಟ್ಟಿದ ಬಾವುಟ ಇಪ್ಪತ್ತೊಂದಾದ್ರೂ ಇಳಿಸಿಲ್ಲ. ಆರು ದಿನದ ಮಳೆಗೆ ಹಸಿರು ಪಟ್ಟಿ ಸೀಳಿ, ಅಡಿಕೆ ದಬ್ಬೆಗೆ ಸುತ್ತಿಕೊಂಡಿದೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಹಬ್ಬದ ದಿನ ಬೆಳಿಗ್ಗೆ ಏರಿಸಿ ಸಂಜೆ ಇಳಿಸಬೇಕು. ಅಷ್ಟು ಆಗದವರು ಕಟ್ಟಲೇಬೇಡಿ.

ಸಾಗರ ಸೀಮೆ: "ಸಂಜೆ ಇಳಿಸಬೇಕು" ಅನ್ನೋದು ಹಳೇ ಮಾತು. 2022ರ ಜುಲೈನಲ್ಲಿ ಧ್ವಜ ಸಂಹಿತೆ ತಿದ್ದಿದ್ದಾರೆ, ಮನೆ ಮೇಲೆ ಹಗಲೂ ರಾತ್ರಿ ಹಾರಿಸಬಹುದು. ಹಬ್ಬಕ್ಕೇ ಕಾಯಬೇಕು ಅಂತಲೂ ಇಲ್ಲ. ಕಾರ್ಖಾನೆ ಮೇಲೆ ಬಾವುಟ ಹಾರಿಸೋಕೆ ಕೋರ್ಟಿಗೆ ಹೋದ ಉದ್ಯಮಿ ನವೀನ್ ಜಿಂದಾಲ್ ಕೇಸಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಗೌರವದಿಂದ ಬಾವುಟ ಹಾರಿಸೋದು ಪ್ರಜೆಯ ಹಕ್ಕು ಅಂತ.

ನಿವೃತ್ತ ಮೇಷ್ಟ್ರು: "ಗೌರವದಿಂದ" ಅಂತ ನೀವೇ ಬರೆದು ನೀವೇ ನುಂಗಿಬಿಟ್ಟಿರಲ್ಲ! ಹರಿದ ಬಾವುಟ ಹಾರಿಸಬಾರದು ಅಂತ ಅದೇ ಸಂಹಿತೆಯಲ್ಲಿದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರಲ್ಲಿ 1942ರಲ್ಲಿ ವೀರಭದ್ರ ದೇವಸ್ಥಾನದ ಮೇಲೆ ಇದೇ ಬಾವುಟ ಏರಿಸಿದ್ದಕ್ಕೆ ಐದು ಜನ ನೇಣಿಗೇರಿದರು.

ಶಿಕಾರಿಪುರ ಹುಡುಗ: "ಇದೇ ಬಾವುಟ" ಅಲ್ಲ ಸರ್. ಆಗಿನದರಲ್ಲಿ ಚರಕ ಇತ್ತು. ಅಶೋಕ ಚಕ್ರದ ಬಾವುಟ ಒಪ್ಪಿದ್ದು 1947ರ ಜುಲೈ 22ಕ್ಕೆ.

ನಿವೃತ್ತ ಮೇಷ್ಟ್ರು: ಚರಕ ಇರಲಿ ಚಕ್ರ ಇರಲಿ, ಕೇಸರಿ ಬಿಳಿ ಹಸಿರು ಅದೇ ಅಲ್ವೇನಪ್ಪಾ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನಿಗೆ ಕಲಿಸಬೇಡ.

ಶಿಕಾರಿಪುರ ಹುಡುಗ: ಮೂವತ್ತು ವರ್ಷ ತಪ್ಪೇ ಹೇಳಿಕೊಟ್ಟಿದ್ದೀರಿ ಹಾಗಾದ್ರೆ. ನೇಣು ಹಾಕಿದ್ದು ಬಾವುಟ ಏರಿಸಿದ್ದಕ್ಕಲ್ಲ. ಗಲಾಟೆಯಲ್ಲಿ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ), ಸಬ್ ಇನ್‌ಸ್ಪೆಕ್ಟರ್ ಸತ್ತರು, ಆ ಮೊಕದ್ದಮೆಯಲ್ಲಿ 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ನಮ್ಮ ಸೀಮೆಯವರ ಹೆಸರು ಹೇಳೋದಾದ್ರೆ ಪೂರ್ತಿ ಹೇಳಿ.

ನಿವೃತ್ತ ಮೇಷ್ಟ್ರು: ಗಲಾಟೆಗೆ ಮೂಲ ಯಾವುದು? ಊರು ಸ್ವತಂತ್ರ ಅಂತ ಸಾರಿ ಬಾವುಟ ಕಟ್ಟಿದ್ದು ತಾನೆ? "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂದವರ ಬಗ್ಗೆ ಪೊಲೀಸ್ ಕೇಸಿನ ಭಾಷೆಯಲ್ಲಿ ಮಾತಾಡ್ತೀಯಾ? ನಾಚಿಕೆ ಆಗಬೇಕು.

ಶಿಕಾರಿಪುರ ಹುಡುಗ: ನಾಚಿಕೆ ಯಾಕೆ? ಗೌರವ ಇರೋದಕ್ಕೇ ಸರಿಯಾಗಿ ಹೇಳ್ತಿರೋದು.

ಹೊಸನಗರ ಅಕ್ಕ: ಹರಿದದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. 2021ರ ಡಿಸೆಂಬರ್‌ನಲ್ಲಿ ಪಾಲಿಯೆಸ್ಟರ್‌ಗೆ ಒಪ್ಪಿಗೆ ಕೊಟ್ಟ ಮೇಲೆ ತೆಳ್ಳನೆ ಬಟ್ಟೆಯದೇ ರಾಶಿ. ನಮ್ಮನೇಲಿ ಖಾದಿ ಬಾವುಟ. ಸಂಜೆ ಇಳಿಸಿ, ಬಚ್ಚಲೊಲೆ ಹತ್ತಿರ ಹಗ್ಗಕ್ಕೆ ಹರವಿ, ಒಣಗಿದ ಮೇಲೆ ಮಡಿಸಿ ಪೆಟ್ಟಿಗೆಗೆ ಇಡ್ತೀನಿ.

ಸಾಗರ ಸೀಮೆ: "ಖಾದಿ" ಎಲ್ಲರ ಕೈಗೆ ಎಟುಕುತ್ತಾ ಅಕ್ಕಾ? ಕೂಲಿಯವನು ಪಾಲಿಯೆಸ್ಟರ್ ಕಟ್ಟಿದ್ರೆ ಅವನ ದೇಶಪ್ರೇಮ ಕಮ್ಮಿನಾ? ಇನ್ನು ಮಳೆ ಮಾತು. ಹಳೇ ನಿಯಮದಲ್ಲೂ ಹವಾಮಾನ ಹೇಗೇ ಇರಲಿ ಹಾರಿಸಿ ಅಂತಲೇ ಇತ್ತು.

ತೀರ್ಥಹಳ್ಳಿಯವ: ಅದೇ ಸಾಲಿನಲ್ಲಿ ಸೂರ್ಯಾಸ್ತದವರೆಗೆ ಅಂತಲೂ ಇತ್ತು, ಅದನ್ನ ಬಿಟ್ರಿ. ನೀವು ಚರಕ, ಚಕ್ರ, ಪಾಲಿಯೆಸ್ಟರ್ ಅಂತ ಜಗಳ ಆಡೋಷ್ಟರಲ್ಲಿ ಇಲ್ಲಿ ಬಿಳಿ ಪಟ್ಟಿಯೂ ಸೀಳ್ತು. ನಾಳೆ ಏಣಿ ತಗೊಂಡು ಹೋಗಿ ಇಳಿಸ್ತೀನಿ.

ಸಾಗರ ಸೀಮೆ: "ಇಳಿಸ್ತೀನಿ" ಅನ್ನೋಕೆ ಅದೇನು ನಿಮ್ಮನೆಯದಾ? ಅವರನ್ನ ಒಂದು ಮಾತು ಕೇಳಿದ್ರಾ?