ಬಿಡಲಾಗದ್ದು ಪ್ರೀತಿಯಿಂದಲೇನಾ?

(ಏಳು ವರ್ಷದ ಸಂಬಂಧ. ಮೊದಲಿನ ಖುಷಿ ಈಗಿಲ್ಲ. ಆದರೂ ಬಿಡಲು ಮನಸ್ಸು ಬರುತ್ತಿಲ್ಲ, ಯಾಕೆಂದು ಗೊತ್ತಿಲ್ಲ ಎಂದು ಬದಿಯಡ್ಕದ ಸಹೋದರಿಯೊಬ್ಬರು ಕಳೆದ ವಾರ ಬರೆದಿದ್ದರು. ಓದುಗರ ಉತ್ತರಗಳಲ್ಲಿ ಮೂರು ಇಲ್ಲಿವೆ.)

ತಂಗಿ, ಖುಷಿ ಇಲ್ಲದಿದ್ದರೆ ಬಿಟ್ಟುಬಿಡು ಎನ್ನುತ್ತಾರಂತೆ ನಿಮ್ಮ ಗೆಳತಿಯರು. ಅವರಿಗೇನು, ಹೇಳುವುದು ಸುಲಭ. ಖುಷಿ ಒಂದರಿಂದಲೇ ಯಾರೂ ಸಂಬಂಧದಲ್ಲಿ ಉಳಿಯುವುದಿಲ್ಲ. ನಾನು ಸೈಕಾಲಜಿ ಪಾಠ ಮಾಡುತ್ತಿದ್ದವಳು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಿಲ್ ರಸ್‌ಬಲ್ಟ್ 1980ರಲ್ಲಿ 'ಹೂಡಿಕೆ ಮಾದರಿ' ಎಂಬ ಸಿದ್ಧಾಂತ ಮುಂದಿಟ್ಟರು. ಸಿಗುವ ಖುಷಿ, ಹೊರಗೆ ಬೇರೆ ಒಳ್ಳೆ ದಾರಿ ಕಾಣದಿರುವುದು, ಈವರೆಗೆ ಸಂಬಂಧಕ್ಕೆ ಹಾಕಿದ್ದು, ಈ ಮೂರೂ ಸೇರಿ ನಮ್ಮನ್ನು ಕಟ್ಟಿಹಾಕುತ್ತವೆ ಎಂದರು. ಹಾಗಾಗಿ ಖುಷಿ ಹೋದ ಮೇಲೂ ಉಳಿದೆರಡು ಗಟ್ಟಿ ಹಿಡಿದಿರಬಹುದು.

ನಿಮ್ಮ ಪತ್ರವನ್ನೇ ನೋಡಿ. ನಿಮ್ಮ ಹೆಸರಲ್ಲಿ ತೆಗೆದ ಸ್ಕೂಟರ್ ಸಾಲ, ಇಬ್ಬರೂ ಸೇರಿ ಕಟ್ಟುವ ಚಿಟ್ಟಿ, ನಿಮ್ಮ ಸಂಗಾತಿಗೆಂದೇ ನಿಮ್ಮಮ್ಮ ತೆಗೆದಿಡುವ ಮಾವಿನ ಮಿಡಿ ಉಪ್ಪಿನಕಾಯಿ. ಎಲ್ಲವೂ ಹೂಡಿಕೆಯೇ. ಹಣಕ್ಕಿಂತ ಆ ಉಪ್ಪಿನಕಾಯಿ ಭರಣಿಯೇ ಭಾರ ಜಾಸ್ತಿ ಅಂತ ನನಗೆ ಅನಿಸಿತು. "ಮೂವತ್ತೊಂದಾಯಿತು, ಇನ್ಯಾರು ಸಿಗುತ್ತಾರೆ" ಎಂದಿದ್ದೀರಿ. ಬೇರೆ ದಾರಿ ಎಂದರೆ ಬೇರೆ ಗಂಡಸೇ ಆಗಬೇಕಾ? ಒಬ್ಬರೇ ನೆಮ್ಮದಿಯಾಗಿ ಇರುವುದೂ ಆ ಲೆಕ್ಕದಲ್ಲಿ ಸೇರುತ್ತದೆ.

ಇನ್ನೊಂದು ವಿಷಯ. ರಸ್‌ಬಲ್ಟ್ 1983ರಲ್ಲಿ ಕಾಲೇಜು ಪ್ರೇಮಿಗಳನ್ನು ತಿಂಗಳುಗಟ್ಟಲೆ ಗಮನಿಸಿ ಬರೆದರು. ಸಂಗಾತಿಯೇ ಬಿಟ್ಟುಹೋದವರ ಕತೆ ಅದರಲ್ಲಿ ವಿಚಿತ್ರವಾಗಿದೆ. ಅವರಿಗೆ ಖುಷಿ ಅಷ್ಟೇನೂ ಹೆಚ್ಚುತ್ತಿರಲಿಲ್ಲ, ಬೇರೆ ದಾರಿಗಳೂ ಕಡಿಮೆಯಾಗುತ್ತಿದ್ದವು. ಆದರೂ ಸಂಬಂಧಕ್ಕೆ ಸುರಿಯುತ್ತಲೇ ಇದ್ದರು. ಈಗ ನಿಮ್ಮಿಬ್ಬರಲ್ಲಿ ಸುರಿಯುತ್ತಿರುವವರು ಯಾರು?
– ನಿವೃತ್ತ ಅಧ್ಯಾಪಿಕೆ, ನೀರ್ಚಾಲು

ಅಷ್ಟೊಂದು ಯೋಚನೆ ಯಾಕೆ ಮಾರಾಯ್ರೆ? "ಏಳು ವರ್ಷ ಸುಮ್ನೆ ಹೋಗುತ್ತದಲ್ಲಾ" ಎಂದು ಕೊರಗಿದ್ದೀರಿ. ಅದು ಹೋಗಿ ಆಯಿತು. ನೀವು ಉಳಿದರೂ ಬರುವುದಿಲ್ಲ, ಹೊರಟರೂ ಬರುವುದಿಲ್ಲ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು ಜನರಿಗೆ ಒಂದು ಪ್ರಶ್ನೆ ಹಾಕಿದ್ದರು. ನೂರು ಡಾಲರಿನ ಒಂದು ಪ್ರವಾಸ, ಐವತ್ತರ ಇನ್ನೊಂದು. ಎರಡಕ್ಕೂ ದುಡ್ಡು ಕೊಟ್ಟಾಗಿದೆ, ದಿನ ಮಾತ್ರ ಒಂದೇ. ಮಜಾ ಬರುವುದು ಐವತ್ತರದ್ದರಲ್ಲೇ ಎಂದು ಮೊದಲೇ ಹೇಳಿಯೂ ಅರ್ಧಕ್ಕಿಂತ ಜಾಸ್ತಿ ಜನ ನೂರರದ್ದಕ್ಕೇ ಹೋಗುತ್ತೇವೆ ಎಂದರು! ಜಾಸ್ತಿ ದುಡ್ಡು ಹಾಕಿದ್ದು ಅದಕ್ಕಲ್ಲವಾ. ನಿಮ್ಮ ಏಳು ವರ್ಷದ ಕೊರಗೂ ಹಾಗೆಯೇ. ಸಾಲ, ಚಿಟ್ಟಿ ಎರಡನ್ನೂ ಒಂದು ದಿನ ಕೂತು ಇತ್ಯರ್ಥ ಮಾಡಬಹುದು. ಬ್ಯಾಂಕಿನಲ್ಲಿ ಇದ್ದವನು ಹೇಳುತ್ತಿದ್ದೇನೆ.
– ಓದುಗ, ಮಂಜೇಶ್ವರ

ಅಕ್ಕಾ, ನಿಮ್ಮ ಪತ್ರದ ಕೊನೆ ಸಾಲಲ್ಲೇ ನನ್ನ ಕಣ್ಣು ನಿಂತಿತು. "ನಾನು ಬಿಟ್ಟರೆ ಅವನ ಗತಿಯೇನು?" ಇದು ಬ್ಯಾಂಕಿನ ಲೆಕ್ಕಕ್ಕೆ ಸಿಗುವುದಲ್ಲ. ಸಂಶೋಧಕಿ ಸಮಂತಾ ಜೋಯೆಲ್ ಮತ್ತು ಜೊತೆಗಾರರು 2018ರಲ್ಲಿ ಇದನ್ನೇ ತೋರಿಸಿದರು. ಸಂಗಾತಿ ತಮ್ಮನ್ನೇ ನಂಬಿಕೊಂಡಿದ್ದಾರೆ ಅನಿಸಿದಷ್ಟೂ ಜನ ಬಿಟ್ಟುಹೋಗುವುದು ಕಡಿಮೆಯಂತೆ, ತಮಗೆ ಅದರಲ್ಲಿ ಖುಷಿ ಇಲ್ಲದಿದ್ದರೂ. ಇದು ಸ್ವಾರ್ಥ ಅಲ್ಲ, ಒಳ್ಳೆ ಮನಸ್ಸೇ. ಆದರೆ ಅವರು ನಿಜಕ್ಕೂ ಅಷ್ಟು ನಂಬಿಕೊಂಡಿದ್ದಾರಾ, ಅಥವಾ ನಿಮಗೆ ಹಾಗೆ ಅನಿಸುವುದಾ? ಅವರೂ "ಇವಳ ಗತಿಯೇನು" ಅಂತಲೇ ಕೂತಿದ್ದರೆ ಏನು ಮಾಡುತ್ತೀರಿ?

ಹೊಡೆತ, ಬೆದರಿಕೆ ಉಂಟೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಈ ಸಿದ್ಧಾಂತವೆಲ್ಲ ಆಮೇಲೆ, ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಈ ಆದಿತ್ಯವಾರ ಅವರ ಹತ್ತಿರ ನೇರವಾಗಿ ಕೇಳಿ. ಫೋನಿನಲ್ಲಿ ಬೇಡ, ಎದುರು ಕೂತು. ಏನೆಂದರು ಅಂತ ನಮಗೂ ಬರೆಯಿರಿ.
– ಓದುಗಿ, ಪೆರ್ಲ